ನಿಮಿಷಕ್ಕೊಮ್ಮೆ ಧನಶ್ರೀ

ಸೇಡಂನಲ್ಲಿ ಕಂಪ್ಯೂಟರ್ ಕಲಿಸುವ ಧನಶ್ರೀಗೆ ಪವಮಾನ ಧೈರ್ಯ ಮಾಡಿ, "ನನ್ನ ಮದುವಿ ಆಗ್ತೀರೇನ್ರಿ?" ಎಂದು ಇ-ಮೇಲ್ ಬರೆದು ನಾಲ್ಕು ದಿನವಾಗಿತ್ತು. ಉತ್ತರವಿಲ್ಲ. ಅನ್ನ ರುಚಿಸದು, ಸೇಡಂ ಕಡೆಯಿಂದ ರೈಲು ಬಂದರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಇ-ಮೇಲ್ ಪೆಟ್ಟಿಗೆ ತೆರೆದು ತೆರೆದು ಬೆರಳು ಸವೆದೀತೆಂದು, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ತಾನು ನೋಡಿಕೊಳ್ಳುವ, ಆ ಪೆಟ್ಟಿಗೆಯೂ ಇದ್ದ ಲಿನಕ್ಸ್ ಸರ್ವರಿಗೇ ಮೊದಲ ದಿನವೇ ಒಂದು ಪ್ರೋಗ್ರಾಂ ಬರೆದು ಆ ಕೆಲಸ ಹಚ್ಚಿದ್ದ. ನಿಮಿಷಕ್ಕೊಮ್ಮೆ ಅದು ಪೆಟ್ಟಿಗೆ ನೋಡಬೇಕು, ಅವಳ ಪತ್ರ ಬಂದಿದ್ದರೆ ಗಂಟೆ ಬಾರಿಸಬೇಕು.

ಶುಕ್ರವಾರ ಸರ್ವರ್ ಮೇದು ಬಂದ ಎಮ್ಮೆಯಂತೆ ಮಲಗಿಬಿಟ್ಟಿತು. ಲಾರಿಯ ಗೇಟ್ ಪಾಸ್ ಒಂದು ಅಚ್ಚಾಗಲು ಅರ್ಧ ಗಂಟೆ ಬೇಕಾಯಿತು.

"ಲಾರಿ ಲೈನ್ ರೈಲ್ವೆ ಗೇಟ್ ತನಕಾ ಹೋಗ್ಯದ್ರಿ," ಗೇಟ್ ಗುಮಾಸ್ತ ಇಸಾಕ ಓಡಿ ಬಂದ. "ಡ್ರೈವರಗೋಳು ಸ್ಟೋವ್ ಹಚ್ಚಿ ಅನ್ನಾ ಕುದಸಲಿಕತ್ತಾರ! ಮಶೀನಿಗಿ ಸೆಕಿ ಆಗಿರಬೇಕ್ರಿ." ತಾನೇ ಟೇಬಲ್ ಫ್ಯಾನ್ ತಂದು ಸರ್ವರಿನತ್ತ ತಿರುಗಿಸಿದ. ಅಚ್ಚಾಗಿದ್ದ ನಾಲ್ಕು ಪಾಸುಗಳೂ ಕಿಟಕಿಯಿಂದ ಹಾರಿಹೋದವು.

ಮ್ಯಾನೇಜರ್ ಹಣಮಂತರಾಯರು ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. "ಬಂದ್ ಮಾಡಿ ಚಾಲೂ ಮಾಡ್ರಿ. ನಮ್ಮನಿ ಟೀವಿ ಹಾಂಗೇ ಸುಧಾರಸ್ತದ."

"ಹಾಂಗ ಮಾಡಬಾರದ್ರಿ ಸರ್," ಎಂದ ಪವಮಾನ. ಬಂದ್ ಮಾಡಿದ ಗಳಿಗೆಯಲ್ಲೇ ಅವಳ ಪತ್ರ ಬಂದುಬಿಟ್ಟರೆ?

ಡಿಸ್ಕ್ ನೋಡಿದ, ಜಾಗವಿತ್ತು. ಕೊನೆಗೆ, ಒಳಗೆ ಯಾವ ಯಾವ ಕೆಲಸ ನಡೆದಿದೆ ಎಂದು ಪಟ್ಟಿ ತೆಗೆದ. ಪಟ್ಟಿಯ ತುಂಬ ಅವನದೇ ಕೆಲಸ! ಪೆಟ್ಟಿಗೆ ನೋಡಲು ಹೋದ ಆ ಪ್ರೋಗ್ರಾಮಿನ ಒಂದು ಪ್ರತಿ ಒಳಗಿನಿಂದ ಚಿಲಕ ಹಾಕಿಕೊಂಡು ಅಲ್ಲೇ ಸಿಕ್ಕಿಬಿದ್ದಿತ್ತು. ಅದರ ಹಿಂದೆ ನಿಮಿಷಕ್ಕೊಂದರಂತೆ ಸಾವಿರಾರು ಬಂದು ಬಾಗಿಲು ಕಾಯುತ್ತ ನಿಂತಿದ್ದವು.

"ಏನರೆ ಸಿಕ್ತೇನ್ರಿ?" ಹಣಮಂತರಾಯರು ಕೇಳಿದರು.

"ಸಿಕ್ತ್ರಿ. ಯಾವುದೋ ಒಂದು ಸುಮ್ನ ಕಾಯಲಿಕತ್ತಿತ್ರಿ."

"ತಗದು ಒಗೀರಿ ಅದನ್ನ!"

ತನ್ನ ಆಸೆಯನ್ನೇ ಕಿತ್ತೆಸೆದಂತೆ ಸಂಕಟವಾಯಿತು. ಆದರೂ ಎಲ್ಲವನ್ನೂ ಅಳಿಸಿದ. ಪ್ರಿಂಟರ್ ಕಟಕಟನೆ ಪಾಸು ಉಗುಳತೊಡಗಿತು, ಇಸಾಕ ಕುಣಿದ. ಚಿಲಕ ತೆಗೆದದ್ದೇ ತಡ, ಇಷ್ಟು ದಿನ ಹೊರಗೇ ನಿಂತಿದ್ದ ಪತ್ರಗಳೂ ಪವಮಾನನ ಪೆಟ್ಟಿಗೆಯೊಳಗೆ ಬಿದ್ದವು. ಅವುಗಳಲ್ಲಿ ಮೂರು ಧನಶ್ರೀಯವು.

ಮಂಗಳವಾರ: "ಹೂಂ ರಿ. ಮನಿಗಿ ಯಾವಾಗ ಬರ್ತೀರಿ?"

ಗುರುವಾರ: "ಯಾಕ ಮಾತೇ ಇಲ್ಲ? ಚಿಂಚೋಳಿಯವರು ನನ್ನ ನೋಡಲಿಕ್ಕ ಬರಲಿಕತ್ತಾರ. ಜಲ್ದಿ ಬರೀರಿ."

ಇವತ್ತು ಬೆಳಿಗ್ಗೆ: "ಚೇಷ್ಟಿ ಮಾಡಿದ್ರೇನ್ರಿ? ಚಿಂಚೋಳಿಯವರಿಗಿ ಹೂಂ ಅಂದೀನಿ."

ಪವಮಾನ ನಡೆದದ್ದೆಲ್ಲವನ್ನೂ ಬರೆದು ಕ್ಷಮೆ ಕೇಳಿ ಕಳಿಸಿದ. ಒಂದೇ ನಿಮಿಷದಲ್ಲಿ ಉತ್ತರ ಬಂತು: "ತಡಾ ಆಯ್ತ್ರಿ."

ಹಣಮಂತರಾಯರು ಪಾಸು ಉಗುಳುವ ಪ್ರಿಂಟರ್ ಕಡೆ ಕೈ ತೋರಿಸಿ ಬೆನ್ನು ತಟ್ಟಿದರು. "ಶಾಬಾಸ್! ಈಗ ಎಷ್ಟು ಜಲ್ದಿ ಬರಲಿಕತ್ತದ ನೋಡ್ರಿ!"