ಟಕಟಕವೋ, ಕೊಟಕೊಟವೋ

ದೇವರು ಒಬ್ಬೊಬ್ಬರಿಗೆ ಒಂದೊಂದು ಥರದ ಕಿವಿ ಕೊಟ್ಟಿರುತ್ತಾನೆ. ಕೆಲವರಿಗೆ ಸಂಗೀತದ ಕಿವಿ; ಹಾಡುವವರು ಗಂಟಲು ಸರಿಮಾಡಿಕೊಳ್ಳುವಾಗಲೇ ತಲೆದೂಗಲು ಶುರು ಮಾಡುತ್ತಾರೆ. ಇನ್ನು ಕೆಲವರಿಗೆ ಪಕ್ಕದ ಮನೆಯ ಕಿವಿ. ಅದರ ಬಗ್ಗೆ ನಾನು ಹೇಳುವುದು ಬೇಡ, ಓದುವವರಿಗೇ ಗೊತ್ತಿರುತ್ತದೆ. ನನಗೆ ಕೊಟ್ಟಿದ್ದು ಡೀಸೆಲ್ ಕಿವಿ. ಪಿಕಪ್ ಗಾಡಿಯೊಂದು ಆಚೆ ತಿರುವಿನಲ್ಲಿ ಇರುವಾಗಲೇ ಅದರ ಯಾವ ಪಾರ್ಟು ಹೋಗಿದೆ, ಯಾವುದು ಹೋಗುವ ತಯಾರಿಯಲ್ಲಿದೆ ಎಂದು ನಾನು ಕೂತಲ್ಲೇ ಹೇಳಬಲ್ಲೆ. ಇದು ಜಂಬದ ಮಾತಲ್ಲ. ಹೋಗಲಿ, ಜಂಬವೇ ಅಂದುಕೊಳ್ಳಿ. ಗ್ಯಾರೇಜಿಗೆ ನಾನು ಸುರಿದಿರುವ ದುಡ್ಡಿಗೆ ಅಷ್ಟಾದರೂ ಜಂಬ ಬರಬೇಡವೇ?

ಹೊಸನಗರದಲ್ಲಿ ನನ್ನದೊಂದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ವ್ಯವಹಾರವಿದೆ. ಮದುವೆ, ಮುಂಜಿ, ನಾಮಕರಣ, ಗೃಹಪ್ರವೇಶ ಯಾವುದೇ ಇರಲಿ, ಕೊಪ್ಪರಿಗೆಯಿಂದ ಹಿಡಿದು ಕುರ್ಚಿಯವರೆಗೆ ಎಲ್ಲ ನಮ್ಮಲ್ಲಿಂದಲೇ ಹೋಗಬೇಕು. ಅದನ್ನು ಹೊತ್ತೊಯ್ಯಲು ಒಂದು ಡೀಸೆಲ್ ಪಿಕಪ್. ಬಾಗಿಲ ಮೇಲೆ ‘ಗಿರಿಜಾ ಶಾಮಿಯಾನ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಗಿರಿಜಾ ನಾನೇ. ಓಡಿಸುವುದೂ ನಾನೇ. ಮೊದಮೊದಲು ಡ್ರೈವರನ್ನು ಇಟ್ಟುಕೊಂಡಿದ್ದೆ. ಯಾರದೇ ಮದುವೆ ಇರಲಿ, ಸರಿಯಾಗಿ ಆ ದಿನ ಬೆಳಿಗ್ಗೆಯೇ ಅವನ ಹೆಂಡತಿಯ ಕಡೆಯಲ್ಲಿ ಯಾರಿಗಾದರೂ ಸೀರಿಯಸ್ ಆಗುತ್ತಿತ್ತು. ಒಂದು ಮುಹೂರ್ತಕ್ಕೆ ಅನ್ನದ ಪಾತ್ರೆಯೇ ಹೋಗಿ ತಲುಪದೆ ಹುಡುಗಿಯ ಅಪ್ಪ ಫೋನಿನಲ್ಲಿ ಅತ್ತುಬಿಟ್ಟ ಮೇಲೆ, ಇವರನ್ನೆಲ್ಲ ನಂಬಿ ಕೂತರೆ ಆಗುವುದಿಲ್ಲ ಎಂದು ಸೆರಗು ಸಿಕ್ಕಿಸಿ ನಾನೇ ಸ್ಟೇರಿಂಗ್ ಹಿಡಿದೆ. ಇವತ್ತು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನಲ್ಲಿ ನನ್ನ ಗಾಡಿ ಬಂತೆಂದರೆ ಅಡುಗೆ ಭಟ್ಟರು ಎದ್ದು ನಿಲ್ಲುತ್ತಾರೆ. ಗೌರವಕ್ಕೋ, ಪಾತ್ರೆ ಇಳಿಸಿಕೊಳ್ಳುವುದಕ್ಕೋ ಎಂದು ನಾನು ಕೇಳಲು ಹೋಗಿಲ್ಲ.

ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ಡೀಸೆಲ್ಲಿನ ರೇಟು ಒಂದು ಖರ್ಚೇ ಅಲ್ಲ. ಇದು ನಮ್ಮ ನೆಂಟರಿಗೆ ಇನ್ನೂ ಅರ್ಥವಾಗಿಲ್ಲ. “ಅತ್ತಿಗೆ, ಹೊನ್ನೆಮರಡಿಗೆ ಒಂದು ಟ್ರಿಪ್ಪು ಸಾಮಾನು ಹೋಗ್ಬೇಕು, ಡೀಸೆಲ್ ನಾನೇ ಹಾಕ್ಸ್ತೀನಿ” ಎನ್ನುತ್ತಾರೆ, ಕರ್ಣನ ವಂಶದವರ ಹಾಗೆ. ಹಾಕಿಸಪ್ಪ, ಬೇಡ ಅನ್ನಲಿಲ್ಲ. ಆ ಹೊಂಡದ ರಸ್ತೆಯಲ್ಲಿ ಮುರಿಯುವ ಸ್ಪ್ರಿಂಗ್ ಪಟ್ಟಾವನ್ನು ಯಾರು ಹಾಕಿಸುತ್ತಾರೆ? ಸವೆಯುವ ಬ್ರೇಕನ್ನು? ರಿಪೇರಿ ಖರ್ಚನ್ನು ನಾನು ರೂಪಾಯಿಯಲ್ಲಿ ಲೆಕ್ಕ ಹಾಕುವುದನ್ನು ಬಿಟ್ಟು ಬಹಳ ಕಾಲವಾಯಿತು, ಎದೆ ಒಡೆಯುತ್ತದೆ. ಮದುವೆಗಳಲ್ಲಿ ಲೆಕ್ಕ ಹಾಕುತ್ತೇನೆ. ಸೈಲೆನ್ಸರ್ ಅಂದರೆ ಒಂದು ನಾಮಕರಣ. ಕ್ಲಚ್ ಅಂದರೆ ಒಂದು ಮದುವೆ, ಜೊತೆಗೊಂದು ಬೀಗರೂಟ. ಗೇರ್‌ಬಾಕ್ಸ್ ಬಿಚ್ಚಿದರೆ ಮಾಘಮಾಸ ಪೂರ್ತಿ ಹೋಯಿತು. ಅದೂ ಈ ಗಾಡಿಗೆ ಕಾಯಿಲೆ ಬರುವುದು ಯಾವಾಗ? ಆಷಾಢದಲ್ಲಿ. ಊರಿನಲ್ಲಿ ಯಾರಿಗೂ ಮದುವೆ ಇಲ್ಲದಾಗಲೇ ಇದಕ್ಕೆ ಮೈ ಹುಷಾರಿಲ್ಲ.

ನನ್ನ ಕಿವಿ ತಯಾರಾದದ್ದು ನಮ್ಮ ಮೆಕ್ಯಾನಿಕ್ ಗಫೂರನಿಂದ. ಅವನು ಗಾಡಿ ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳುತ್ತಾನೆ: “ಅಕ್ಕಾ, ಸೌಂಡ್ ಹೆಂಗೆ ಬರ್ತದೆ?” ಇದಕ್ಕೆ “ಏನೋ ಒಂಥರಾ” ಎಂದು ಉತ್ತರ ಕೊಟ್ಟವರ ಗಾಡಿ ಮೂರು ದಿನ ಅಲ್ಲೇ ಬಿದ್ದಿರುತ್ತದೆ. ಸರಿಯಾದ ಸದ್ದು ಹೇಳಬೇಕು. ಕುಯ್ ಕುಯ್ ಅಂದರೆ ಪಟ್ಟಾದ ಬುಷ್ಷು, ಬುಸ್ ಬುಸ್ ಅಂದರೆ ಗಾಳಿಯ ಪೈಪು ಒಡೆದಿದೆ, ಡಬಡಬ ಅಂದರೆ ಸೈಲೆನ್ಸರು. ಕನ್ನಡದಲ್ಲಿ ಇಷ್ಟೊಂದು ಜೋಡಿ ಸದ್ದುಗಳನ್ನು ಹಿರಿಯರು ಸುಮ್ಮನೆ ಮಾಡಿಟ್ಟಿಲ್ಲ, ಮುಂದೆ ಪಿಕಪ್ ಗಾಡಿ ಬರುತ್ತದೆ ಎಂದು ಅವರಿಗೆ ಗೊತ್ತಿದ್ದಿರಬೇಕು. ಶಾಲೆಯಲ್ಲಿ ಇದಕ್ಕೆ ಅನುಕರಣಾವ್ಯಯ ಎಂದು ಹೆಸರಿಟ್ಟು ಎರಡು ಅಂಕಕ್ಕೆ ಕೇಳುತ್ತಿದ್ದರು. ಎರಡೇ ಅಂಕ! ಇದರಲ್ಲಿ ಒಂದಕ್ಷರ ತಪ್ಪಿದರೆ ಎಷ್ಟು ಹೋಗುತ್ತದೆ ಎಂದು ನನ್ನನ್ನು ಕೇಳಿ. ಒಮ್ಮೆ ಸಿಗ್ನಲ್ ಸರಿಯಾಗಿ ಸಿಗದ ಜಾಗದಿಂದ ಫೋನ್ ಮಾಡಿ, ಚಕ್ರದ ಹತ್ತಿರ ಗರಗರ ಅನ್ನುತ್ತಿದೆ ಎಂದೆ. ಅವನಿಗೆ ಕೇಳಿಸಿದ್ದು ಕರಕರ. ಗರಗರ ಅಂದರೆ ಚಕ್ರದ ಬೇರಿಂಗು, ಕರಕರ ಅಂದರೆ ಗೇರ್‌ಬಾಕ್ಸು. ನಾನು ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಸಾಗರದ ಬಸ್ಸು ಹತ್ತಿ, ಸಂಜೆ ಬಂದು ನೋಡಿದರೆ ಗೇರ್‌ಬಾಕ್ಸಿನ ಹಲ್ಲುಗಳೆಲ್ಲ ಗೋಣಿಯ ಮೇಲೆ ಹರಡಿಕೊಂಡಿವೆ. ಅಕ್ಷರಮಾಲೆಯಲ್ಲಿ ‘ಕ’ ಮತ್ತು ‘ಗ’ ನಡುವೆ ಒಂದೇ ಅಕ್ಷರ, ಖರ್ಚಿನಲ್ಲಿ ಮೂರು ಮದುವೆ. ಅವತ್ತಿನಿಂದ ನಾನು ಯಾವುದೇ ಸದ್ದಿರಲಿ, ಬಾಯಿತುಂಬಾ, ಒತ್ತಿ ಒತ್ತಿ, ಎರಡೆರಡು ಸಲ ಹೇಳುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ನಾನು ಗರಗರ, ಗರಗರ ಎಂದು ಕೂಗುವುದನ್ನು ಕೇಳಿದವರು ನನ್ನ ಪಕ್ಕದಿಂದ ಸ್ವಲ್ಪ ದೂರ ಸರಿದು ನಿಲ್ಲುತ್ತಾರೆ. ಸರಿಯಲಿ, ನನಗೇನು.

ಸಾಗರದ ಬಿಡಿಭಾಗದ ಅಂಗಡಿಯಲ್ಲಿ ಇನ್ನೊಂದು ಕಥೆ. ಮೊದಲ ಸಲ ಹೋದಾಗ ಕೌಂಟರಿನವನು ನನ್ನ ಹಿಂದೆ ಯಾರಾದರೂ ಗಂಡಸರು ಇದ್ದಾರಾ ಎಂದು ಇಣುಕಿ ನೋಡಿ, “ಯಾರು ಕಳ್ಸಿದ್ರಮ್ಮಾ?” ಅಂದ. “ಗಾಡಿ ಕಳ್ಸ್ತು” ಅಂದೆ. ಈಗ ಅವನೇ ಸ್ಟೂಲು ಹಾಕಿ ಕೂರಿಸುತ್ತಾನೆ.

ನಮ್ಮವರ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಕಾರ್ಗಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಶನಿವಾರ ಮನೆಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾರೆ. ಬಹಳ ಒಳ್ಳೆಯ ಮನುಷ್ಯ, ಆದರೆ ಲೆಕ್ಕ ಬರುತ್ತದೆ. “ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ನೀನು ಹೆರದೇ ಇದ್ರೂ ಮುದ್ದು ಮಾಡ್ತಿದೀಯಲ್ಲೇ” ಎಂದು ಗಾಡಿಯನ್ನು ತೋರಿಸಿ ಹಂಗಿಸುತ್ತಾರೆ. ಕೊನೆಗೊಂದು ದಿನ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಸಣ್ಣಪುಟ್ಟ ರಿಪೇರಿಗೆ ಅವರು ತುಟಿ ಬಿಚ್ಚಬಾರದು. ಆದರೆ ಯಾವತ್ತು ಗಫೂರ “ಇಂಜಿನ್ ಇಳಿಸ್ಬೇಕು” ಎನ್ನುತ್ತಾನೋ ಅವತ್ತು ಗಾಡಿ ಮಾರಬೇಕು, ಆಮೇಲೆ ಸಾಮಾನು ಕಳಿಸಲು ಬಾಡಿಗೆ ಗಾಡಿ ಕರೆಸಿಕೊಳ್ಳಬೇಕು. ನಾನು ಒಪ್ಪಿಕೊಂಡೆ. ನನ್ನ ಇಂಜಿನ್ನಿಗೆ ಏನಾಗುತ್ತದೆ, ಕಲ್ಲುಗುಂಡಿನಂತಿದೆ ಎಂಬ ಧೈರ್ಯ.

ಆ ವರ್ಷ ಗಾಡಿ ಆಷಾಢಕ್ಕೂ ಕಾಯಲಿಲ್ಲ. ವೈಶಾಖದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಮದುವೆ ಮುಗಿಸಿ ಪಾತ್ರೆ ತುಂಬಿಕೊಂಡು ಬರುತ್ತಿದ್ದೆ. ಏರು ಹತ್ತುವಾಗ ಇಂಜಿನ್ನಿನ ಒಳಗಿಂದ ಒಂದು ಹೊಸ ಸದ್ದು. ಏರು ಮುಗಿದೊಡನೆ ನಿಂತಿತು. ಮತ್ತೊಂದು ಏರು, ಮತ್ತೆ ಬಂತು. ಆ ಸದ್ದು ಏನೆಂದು ನನಗೆ ಮೊದಲ ಏರಿನಲ್ಲೇ ಗೊತ್ತಾಗಿತ್ತು, ಎರಡನೇ ಸಲ ಕೇಳಿದ್ದು, ಬೇರೇನಾದರೂ ಇರಬಹುದೇನೋ ಎಂಬ ಆಸೆಗೆ.

ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಗಾಡಿ ಸಾಧು ಹಸುವಿನ ಹಾಗೆ ನಿಂತಿದೆ, ಸದ್ದೇ ಇಲ್ಲ. ಶನಿವಾರವಾದ್ದರಿಂದ ನಮ್ಮವರೂ ಬಸ್ಸಿಳಿದು ನೇರ ಅಲ್ಲಿಗೇ ಬಂದಿದ್ದರು. ಗಫೂರ ಕೈ ಒರೆಸಿಕೊಂಡು ಹೇಳಿದ: “ಏರಲ್ಲಿ ಲೋಡ್ ಬೀಳ್ದೆ ಇದು ಕೇಳಲ್ಲ ಅಕ್ಕಾ, ಒಳಗಿಂದಾಗಿದ್ರೆ ಮತ್ತೆ ಏರು ಹತ್ಸೋದೂ ಡೇಂಜರ್ರು. ನೀವೇ ಹೇಳ್ಬೇಕು. ಟಕಟಕ ಅಂದ್ರೆ ಮೇಲಿಂದು, ಟ್ಯಾಪೆಟ್ಟು, ಅರ್ಧ ದಿನದ ಕೆಲ್ಸ. ಕೊಟಕೊಟ ಅಂದ್ರೆ ಒಳಗಿನ ಬೇರಿಂಗು. ಇಂಜಿನ್ ಇಳಿಸಿ ಕ್ರ್ಯಾಂಕನ್ನ ಶಿವಮೊಗ್ಗಕ್ಕೆ ಲೇತಿಗೆ ಕಳಿಸ್ಬೇಕಾಗ್ತದೆ. ಎಂತ ಸೌಂಡು?”

ನೋಡಿ, ಎಂಥ ಜಾಗಕ್ಕೆ ತಂದು ನಿಲ್ಲಿಸಿದ! ಆ ಸದ್ದು ಕೇಳಿದವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಟಕಟಕ ಅಂದರೆ ಗಾಡಿ ಉಳಿಯುತ್ತದೆ. ಕೊಟಕೊಟ ಅಂದರೆ ನಾಳೆಯಿಂದ ನಾನು ಯಾರದೋ ಗಾಡಿಯ ಡ್ರೈವರನಿಗೆ “ಅಣ್ಣಾ, ಸ್ವಲ್ಪ ಬೇಗ ಬಾರಪ್ಪ” ಎಂದು ಗೋಗರೆಯಬೇಕು. ನಮ್ಮವರು ಉತ್ತರಪತ್ರಿಕೆ ತಿದ್ದುವ ಮುಖ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಾರೆ. ಟಕಟಕ ಎಂದುಬಿಡೋಣ ಎಂದೇ ನಾನು ಬಾಯಿ ತೆರೆದದ್ದು. ಆದರೆ ಇಷ್ಟು ವರ್ಷ ಪಳಗಿದ ನಾಲಿಗೆ, ಕೇಳಿದ್ದನ್ನು ಬಿಟ್ಟು ಬೇರೆ ಹೇಳಲು ಒಪ್ಪಲಿಲ್ಲ. “ಕೊಟಕೊಟ” ಎಂದೆ. ರೂಢಿಯಂತೆ ಎರಡನೇ ಸಲ ಇನ್ನೂ ಒತ್ತಿ ಹೇಳಿದೆ. ಗಫೂರ ಬಾನೆಟ್ ಮುಚ್ಚಿದ. ನನಗೆ ಅಳು ಬಂತು, ಅದನ್ನು ಮುಚ್ಚಿಡಲು ಅವನ ಹುಡುಗರು ಸ್ಪ್ಯಾನರ್‌ಗಳನ್ನು ಎಲ್ಲೆಂದರಲ್ಲಿ ಬಿಸಾಡಿದ್ದಾರೆ ಎಂದು ಬೈದೆ.

ಮಾರುವುದೆಂದು ತೀರ್ಮಾನವಾಯಿತು. ಆದರೆ ಹಾಗೆಯೇ ಮಾರಲು ನಾನು ಬಿಡಲಿಲ್ಲ. “ಇಂಜಿನ್ ಮಾಡ್ಸೇ ಮಾರೋದು” ಎಂದೆ. ನಮ್ಮವರು ಹೌಹಾರಿದರು. “ಮಾರೋ ಗಾಡಿಗೆ ರಿಪೇರಿನಾ? ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾಯ್ತು ಮಾರಾಯ್ತಿ!” ನಾನೂ ಬಿಡಲಿಲ್ಲ. “ಬಾಗಿಲ ಮೇಲೆ ಇರೋದು ನಿಮ್ ಹೆಸ್ರಲ್ಲ, ನನ್ ಹೆಸ್ರು. ಗಿರಿಜಾ ಹುಳುಕು ಗಾಡಿ ತಲೆಗೆ ಕಟ್ಟಿದ್ಲು ಅಂತ ಮೂರು ತಾಲೂಕಲ್ಲಿ ಅನ್ನಿಸ್ಕೊಂಡು ನಾನು ಪಾತ್ರೆ ಇಳ್ಸ್ಲಾ?” ಇಂಜಿನ್ ಇಳಿಯಿತು. ಇಂಜಿನ್ನೇ ಇಳಿದ ಮೇಲೆ ಕ್ಲಚ್ಚನ್ನು ಹಾಗೇ ಬಿಡಲಾಗುತ್ತದೆಯೇ, ಅದೂ ಆಯಿತು. ಕ್ಲಚ್ ಆದ ಮೇಲೆ ಬುಷ್ಷುಗಳು, ಬುಷ್ಷುಗಳಾದ ಮೇಲೆ ಸೈಲೆನ್ಸರು. ವೈಶಾಖ ಪೂರ್ತಿ ಹೋಗಿ, ಜ್ಯೇಷ್ಠದ ಎರಡು ಗೃಹಪ್ರವೇಶಗಳೂ ಅದರ ಹಿಂದೆಯೇ ಹೋದವು.

ಗಾಡಿ ತಯಾರಾಗಿ ಬಂದಾಗ ನಾನು ಒಂದು ಸುತ್ತು ಹೋಗಿ ಗಾಬರಿಯಾಗಿ ಗಫೂರನಿಗೆ ಫೋನ್ ಮಾಡಿದೆ. “ಎಂತದೂ ಕೇಳ್ತಾ ಇಲ್ಲ ಮಾರಾಯಾ!” “ಅದು ಕಂಪ್ಲೇಂಟಾ ಅಕ್ಕಾ?” ಎಂದ ಅವನು.

ಗಾಡಿ ನೋಡಲು ತೀರ್ಥಹಳ್ಳಿ ಕಡೆಯಿಂದ ಒಬ್ಬರು ಗೌಡರು ಬಂದರು. ಹೂವಿನ ಗಿಡಗಳ ನರ್ಸರಿ ನಡೆಸುವವರು, ಮಿತಭಾಷಿ. ಓಡಿಸಿ ತೋರಿಸಲು ನಾನೇ ಕೂತೆ, ನಡುವೆ ನಮ್ಮವರು, ಕಿಟಕಿಯ ಪಕ್ಕ ಗೌಡರು. ಹೊರಟೊಡನೆ ನನಗೆ ತಡೆಯಲಾಗಲಿಲ್ಲ. ಗಾಡಿ ಕೊಡುತ್ತಿದ್ದೇನೆ ಸರಿ, ಎಂಥ ಗಾಡಿ ಕೊಡುತ್ತಿದ್ದೇನೆ ಎಂದು ಅವರಿಗೆ ಗೊತ್ತಾಗಬೇಡವೇ? ಈ ಕ್ಲಚ್ ಯಾವ ಮದುವೆಯದು, ಈ ಬ್ರೇಕು ಯಾರ ಮುಂಜಿಯದು, ಎಲ್ಲಿ ಎಷ್ಟನೇ ಗೇರಿಗೆ ಹಾಕಿದರೆ ಇದಕ್ಕೆ ಖುಷಿ, ಚಳಿಯ ಬೆಳಿಗ್ಗೆ ಇದನ್ನು ಹೇಗೆ ಎಬ್ಬಿಸಬೇಕು, ಹೊಸ ಡ್ರೈವರನಿಗೆ ಕೊಡುವುದಾದರೆ ಎಂಥವನಿಗೆ ಕೊಡಬಾರದು, ಎಲ್ಲ ಹೇಳಿದೆ. ಏರು ಹತ್ತಿದೆವು, ಇಳಿದೆವು, ಮತ್ತೊಂದು ಏರು ಹತ್ತಿ ವಾಪಸು ಬಂದೆವು. ಗೌಡರು ಒಂದೇ ಒಂದು ಮಾತಾಡಲಿಲ್ಲ. ಮಾತಾಡಲು ಜಾಗವೂ ಇರಲಿಲ್ಲ ಅನ್ನಿ.

ಮನೆಯಲ್ಲಿ ಕಾಫಿ ಕೊಟ್ಟೆ. ಗೌಡರು ಅರ್ಧ ಲೋಟ ಕುಡಿದು, “ಗಾಡಿ ಲಾಯಕ್ಕಾಗಿದೆ. ರೇಟಿಗೂ ನಂದೇನ್ ತಕರಾರಿಲ್ಲ. ಒಂದ್ ಸೌಂಡ್ ಮಾತ್ರ ಬತ್ತಾ ಇತ್ತಲ್ಲಮ್ಮಾ” ಎಂದರು.

ನನ್ನ ಕಿವಿಗೆ ಬೀಳದ ಸದ್ದು ಇವರಿಗೆ ಕೇಳಿತೇ? “ಎಂಥಾ ಸೌಂಡು ಗೌಡ್ರೇ? ಟಕಟಕಾನಾ?”

“ಅಲ್ಲಲ್ಲ. ವಟವಟ ಅಂತ. ಏರ್ ಹತ್ತೋವಾಗ ಜಾಸ್ತಿ. ಡ್ರೈವರ್ ಸೀಟಿನ ಕಡೆಯಿಂದ.”

ನಮ್ಮವರಿಗೆ ಕಾಫಿ ನೆತ್ತಿಗೇರಿತು. ಕೆಮ್ಮಿ, ಕಣ್ಣೊರೆಸಿಕೊಂಡು, ನನ್ನ ಕಡೆ ನೋಡಿದರು, ಅಂಗಳದಲ್ಲಿ ನಿಂತಿದ್ದ ಗಾಡಿಯ ಕಡೆ ನೋಡಿದರು. ಮನಸ್ಸಿನಲ್ಲೇ ಏನೋ ಲೆಕ್ಕ ನಡೆಯಿತು. ಆಮೇಲೆ ಲೋಟ ಕೆಳಗಿಟ್ಟು ಗಂಭೀರವಾಗಿ ಹೇಳಿದರು: “ಗೌಡ್ರೇ, ತಪ್ಪು ತಿಳ್ಕೋಬೇಡಿ. ಗಾಡಿ ಕೊಡಾಕಾಗಲ್ಲ. ಗಾಡಿ ನೀವ್ ತಗೊಂಡ್ ಹೋದ್ರೆ ಆ ಸೌಂಡು ನಿಮ್ ಜೊತೆ ಬರಲ್ಲ, ಮನೇಲೇ ಉಳೀತದೆ. ಅದು ರಸ್ತೆ ಮೇಲಿದ್ರೇ ನನ್ಗೆ ಕ್ಷೇಮ.”

ಗೌಡರು ಉಳಿದ ಕಾಫಿ ಕುಡಿದು, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಎಂಬಂತೆ ನಮ್ಮವರ ಭುಜ ತಟ್ಟಿ ಹೊರಟರು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು, ಸಂತೋಷ, ಮತ್ತು ಎಂದಿನ ಜಂಬ. ಗೇಟಿನವರೆಗೆ ಹೋಗಿ ಗೌಡರಿಗೆ ಕೇಳುವ ಹಾಗೆ ಹೇಳಿಯೇ ಬಿಟ್ಟೆ: “ಆ ಗಾಡೀಲಿ ಇವತ್ತಿನವರೆಗೆ ಒಂದು ಸಲಾನೂ ರಿಪೇರಿಗೆ ಬರದೇ ಇರೋ ಪಾರ್ಟು ಆ ವಟವಟ ಒಂದೇ ಗೌಡ್ರೇ!”