‘ನೋಡುವ’ ಎಂಬ ಉತ್ತರವನ್ನು ಒಪ್ಪಿಗೆಯೆಂದು ದಾಖಲಿಸುವ ಕುರಿತು

ಸಂಖ್ಯೆ: ಕಾ.ಉ.ಇಂ.ಇ/ನೋಡುವ/17
ಸುತ್ತೋಲೆ

ವಿಷಯ: ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ‘ಕಾಡು ಉಳಿಸಿ, ಇಂಗಾಲ ಇಳಿಸಿ’ ಮನೆ ಸಮೀಕ್ಷೆ.
ಉಲ್ಲೇಖ: ಆಲಂಕಾರಿನ ಶ್ರೀಮತಿ ನಫೀಸಮ್ಮ ಅವರ ದೂರು (ಮೌಖಿಕ).

1. ಹಿತ್ತಿಲಿನ ಮರಗಳನ್ನು ಇಂಗಾಲದ ಲೆಕ್ಕಕ್ಕೆ ನೋಂದಾಯಿಸುವ ಈ ಯೋಜನೆಗೆ ಸೇರುವಿರಾ ಎಂಬ ಪ್ರಶ್ನೆಗೆ 412 ಮನೆಗಳ ಪೈಕಿ 398 ಮನೆಯವರು ‘ನೋಡುವ’ (ನೋಡೋಣ) ಎಂದಿರುತ್ತಾರೆ. ಮುಖ ಮುರಿಯದೆ ‘ಇಲ್ಲ’ ಅನ್ನಲು ಇಲ್ಲಿಯವರು ಬಳಸುವ ಮಾತು ಅದೆಂದು ಸ್ಥಳೀಯ ಸಿಬ್ಬಂದಿ ವರದಿ ಮಾಡಿರುತ್ತಾರೆ. ಆದರೆ ಘಟ್ಟದ ಮೇಲಿನ ಕೇಂದ್ರ ಕಚೇರಿಯಿಂದ ಅಷ್ಟರಲ್ಲೇ 398 ಒಪ್ಪಿಗೆಗಳಿಗಾಗಿ ಪ್ರಶಂಸಾ ಫಲಕ ಬಂದು, ಗೋಡೆಗೆ ಮೊಳೆ ಹೊಡೆದೂ ಆಗಿದೆ. ಆದುದರಿಂದ ‘ನೋಡುವ’ ಎಂದರೆ ಒಪ್ಪಿಗೆಯೇ ಎಂದು ಈ ಮೂಲಕ ಸ್ಥಿರಪಡಿಸಲಾಗಿದೆ.

2. ‘ನೋಡುವ ಮಾರಾಯ್ರೆ’ ಎಂಬುದನ್ನು ಸಂತೋಷದ ಒಪ್ಪಿಗೆಯೆಂದೂ, ‘ನೋಡುವ, ಚಾ ಕುಡಿದು ಹೋಗಿ’ ಎಂಬುದನ್ನು ಒಪ್ಪಿಗೆ ಮತ್ತು ಅನುಷ್ಠಾನವೆಂದೂ ಬರೆದುಕೊಳ್ಳತಕ್ಕದ್ದು.

3. ‘ಕಾಡು ಬೇಕು, ಹಂದಿ ಬೇಡ’ ಎಂದವರ ಅಭಿಪ್ರಾಯವನ್ನು ಹಂದಿಗಳ ಗಮನಕ್ಕೆ ತರಲಾಗುವುದು. ‘ಮರ ನನ್ನದು ಸರಿ, ಅದರ ಗಾಳಿ ಯಾರದ್ದು?’ ಎಂಬ ಕಡಬದ ಶ್ರೀ ಕೃಷ್ಣಮೋಹನ ಅವರ ಪ್ರಶ್ನೆಯನ್ನು ಭೂಮಾಪಕರಿಗೆ ವರ್ಗಾಯಿಸಲಾಗಿದೆ.

4. ಶ್ರೀಮತಿ ನಫೀಸಮ್ಮ ಅವರೂ ‘ನೋಡುವ’ ಎಂದಿದ್ದರಿಂದ, ಅವರ ಹಿತ್ತಿಲಿನ ಪುನರ್ಪುಳಿ (ಕೋಕಂ) ಮರವು ಇಂಗಾಲ ಮರ ಸಂಖ್ಯೆ 17 ಆಗಿದ್ದು, ಬಣ್ಣದಲ್ಲಿ ಅಂಕಿಯನ್ನೂ ಬರೆಯಲಾಗಿದೆ. ನೋಂದಾಯಿತ ಮರದಿಂದ ಎಲೆ, ಕಾಯಿ, ಹಣ್ಣು ಕೀಳುವಂತಿಲ್ಲ. ಮಳೆ ಹಿಡಿದರೆ ಹಣ್ಣು ಕೊಳೆಯುವುದೆಂದೂ, ಮಗಳು ಝುಲೈಖಾ ಗಲ್ಫಿಗೆ ಹೊರಡುವ ಮೊದಲು ಸಿಪ್ಪೆ ಒಣಗಬೇಕೆಂದೂ ದೂರಿನಲ್ಲಿ ತಿಳಿಸಿರುತ್ತಾರೆ. ‘ನಾನು ನೋಡುವ ಹೇಳಿದ್ದು ನಿಮ್ಮ ಜನಕ್ಕೆ ಬೇಜಾರಾಗುದು ಬೇಡ ಅಂತ’ ಎಂಬ ಅವರ ವಿವರಣೆಗೆ ನಮೂನೆಯಲ್ಲಿ ಕಾಲಂ ಇರುವುದಿಲ್ಲ.

5. ಸ್ಥಳ ತನಿಖೆಗೆ ಈ ಕೆಳಗೆ ಸಹಿ ಮಾಡಿದವರೇ ಖುದ್ದಾಗಿ ತೆರಳಿ, ಕಳೆದ ವರ್ಷದ ಸಿಪ್ಪೆಯ ಶರಬತ್ತನ್ನು ಮೂರು ಲೋಟ ಪರಿಶೀಲಿಸಿರುತ್ತಾರೆ. ಆಗ ‘ಹಾಗಾದ್ರೆ ಹಣ್ಣು ಕೊಯ್ಬಹುದಾ ಸಾರ್?’ ಎಂದು ಕೇಳಲಾಯಿತು. ಶರಬತ್ತು ಕುಡಿದ ಬಾಯಲ್ಲಿ ‘ಇಲ್ಲ’ ಬಾರದೆ, ‘ನೋಡುವ’ ಎಂದು ಹೇಳಲ್ಪಟ್ಟಿತು.

6. ಕಂಡಿಕೆ 1ರಂತೆ ಅದು ಒಪ್ಪಿಗೆ. ಜೀಪು ಗೇಟು ದಾಟುವುದರೊಳಗೆ ಬುಟ್ಟಿ ತುಂಬಿರುತ್ತದೆ. ಮರ ನಿಂತೇ ಇರುವುದರಿಂದ ಕಾಡಿಗೆ ನಷ್ಟವಾಗಿರುವುದಿಲ್ಲ.

7. ಇನ್ನು ಮುಂದೆ ಸಿಬ್ಬಂದಿಯು ಪ್ರತಿದಿನ ಬೆಳಿಗ್ಗೆ ಹತ್ತು ಸಲ ‘ಇಲ್ಲ’ ಹೇಳಿ ಅಭ್ಯಾಸ ಮಾಡತಕ್ಕದ್ದು. ಸಾಧ್ಯವೇ ಎಂದು ವಿಚಾರಿಸಲಾಗಿ, ಎಲ್ಲರೂ ‘ನೋಡುವ’ ಎಂದಿರುತ್ತಾರೆ.

ಸಹಿ/-
ಮನೋಭಾವ ಅಧಿಕಾರಿ (ಪ್ರಭಾರ)

ಪ್ರತಿಗಳು:
ಅ) ಕೇಂದ್ರ ಕಚೇರಿ: ಫಲಕಕ್ಕೆ ಧನ್ಯವಾದಗಳೊಂದಿಗೆ.
ಆ) ಹಂದಿಗಳು: ಕಾಡಂಚಿನ ಮರಕ್ಕೆ ಅಂಟಿಸುವ ಮೂಲಕ.
ಇ) ಶ್ರೀಮತಿ ನಫೀಸಮ್ಮ, ಆಲಂಕಾರು: ಮಾಹಿತಿಗಾಗಿ. ಒಣಸಿಪ್ಪೆಯಲ್ಲಿ ಒಂದು ಹಿಡಿ ಕಚೇರಿಗೂ ಸಿಗಬಹುದೇ ಎಂದು ಕೇಳಲಾಗಿ, ‘ನೋಡುವ’ ಎಂದಿರುತ್ತಾರೆ. ಒಪ್ಪಿಗೆಯೆಂದು ದಾಖಲಿಸಿ, ಡಬ್ಬಿ ತೊಳೆದು ಇಡಲಾಗಿದೆ.