ಬಾಗಿಲಲ್ಲಿ ನಿಂತ ಜೋಳಿಗೆಯವನು

ಶುರುಮಾಡುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲಿನ ಕೆಲವು ವಿವರ ತಪ್ಪಿರಬಹುದು. ಅದು ಏಳು ಗಂಟೆಯೋ ಎಂಟು ಗಂಟೆಯೋ, ಒಲೆಯ ಮೇಲಿದ್ದದ್ದು ತೊಗರಿಬೇಳೆಯೋ ಹೆಸರುಕಾಳೋ, ಈಗ ಆಣೆಯಿಟ್ಟು ಹೇಳಲಾರೆ. ಪದವಿ ಕಾಲೇಜಿನಲ್ಲಿ ವರ್ಷಗಟ್ಟಲೆ ಇತಿಹಾಸ ಪಾಠ ಮಾಡಿದವಳು ನಾನು. ‘ಕಣ್ಣಾರೆ ಕಂಡೆ ಅನ್ನುವವರ ಮಾತನ್ನು ಎರಡು ಸಲ ತೂಗಿ ನೋಡಿ’ ಎಂದು ಮಕ್ಕಳಿಗೆ ಹೇಳಿ ಹೇಳಿ, ಕೊನೆಗೆ ನನ್ನ ಕಣ್ಣನ್ನೇ ನಂಬದ ಸ್ಥಿತಿಗೆ ಬಂದಿದ್ದೇನೆ. ಅದಕ್ಕೇ ದಿನಚರಿ ಬರೆಯುವುದು. ಆದರೆ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ‘ಗ್ಯಾಸ್ ಬುಕ್ ಮಾಡಿದೆ. ಹಸು ಹೋಯಿತು. ಅತ್ತೆ ಊಟ ಮಾಡಲಿಲ್ಲ.’ ಮುಂದೆ ಯಾರಾದರೂ ಸಂಶೋಧಕರ ಕೈಗೆ ಇದು ಸಿಕ್ಕರೆ, ನಮ್ಮ ಕಾಲದ ಬಸವೇಶ್ವರನಗರದಲ್ಲಿ ಎರಡನೇ ಮಹಡಿಯಲ್ಲೂ ಹಸು ಕಟ್ಟುತ್ತಿದ್ದರು ಎಂದು ಪ್ರಬಂಧ ಮಂಡಿಸುವುದು ಖಂಡಿತ.

ಹಸು ಇದ್ದದ್ದು ವಿಡಿಯೋ ಗೇಮಿನಲ್ಲಿ. ನಾನು ಇಲ್ಲೇ ಹತ್ತಿರದ ವಿಜಯನಗರದಲ್ಲಿ ಬೆಳೆಯುತ್ತಿದ್ದಾಗ ಈ ಆಟಗಳು ಸೈಕಲ್ ಶಾಪಿನ ಪಕ್ಕದ ಒಂದು ಕತ್ತಲೆ ಅಂಗಡಿಯಲ್ಲಿ, ಪರದೆಯ ಹಿಂದೆ ನಡೆಯುತ್ತಿದ್ದವು. ಅಲ್ಲಿಗೆ ಹೋದವರು ಕೆಟ್ಟರು ಎಂದೇ ಲೆಕ್ಕ. ಒಮ್ಮೆ ಅಪ್ಪ ನನ್ನ ತಮ್ಮನನ್ನು ಅಲ್ಲಿಂದ ಕಿವಿ ಹಿಡಿದು ಎಳೆದುಕೊಂಡು ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಕಿವಿಯ ಮಾಲೀಕ ಮಾತ್ರ ಇಂದಿಗೂ, ‘ಅಪ್ಪ ಅಲ್ಲ ಕಣಕ್ಕಾ, ಅಮ್ಮ’ ಎನ್ನುತ್ತಾನೆ. ಈಗ ನೋಡಿದರೆ ಪರದೆಯೇ ಇಲ್ಲ. ಮೊನ್ನೆ ಕೆಂಗೇರಿಗೆ ಹೋಗುವಾಗ ಮೆಟ್ರೋದಲ್ಲಿ ಹಣೆತುಂಬ ವಿಭೂತಿ ಧರಿಸಿದ ಹಿರಿಯರೊಬ್ಬರು, ಇನ್ಯಾರೋ ಆಡುವ ಗೇಮನ್ನು ಫೋನಿನಲ್ಲಿ ಕ್ರಿಕೆಟ್ ನೋಡುವಷ್ಟೇ ಗಾಂಭೀರ್ಯದಿಂದ ನೋಡುತ್ತಿದ್ದರು. ಇಷ್ಟೇಕೆ, ನನ್ನ ಮಗಳು ಚಿನ್ಮಯಿಗೆ ಅನ್ನ ಹಾಕುತ್ತಿರುವುದೂ ಅದೇ. ಗೇಮುಗಳಲ್ಲಿ ಬರುವ ಬಂಡೆ, ಮರ, ಗೋಡೆಗಳನ್ನು ಚಿತ್ರಿಸುವುದು ಅವಳ ಕೆಲಸ. ಹೆಣ್ಣು ನೋಡಲು ಬಂದವರಿಗೆ ನಮ್ಮತ್ತೆ, ‘ಬಂಡೆ, ಗೋಡೆ ಎಲ್ಲ ಮಾಡ್ತಾಳೆ’ ಎಂದಿದ್ದಕ್ಕೆ ಅವರು, ‘ಓ, ಸಿವಿಲ್ಲಾ?’ ಎಂದು ತೃಪ್ತರಾಗಿ ಉಪ್ಪಿಟ್ಟು ತಿಂದು ಹೋದರು.

ಅತ್ತೆಗೆ ಎಪ್ಪತ್ತೆಂಟು. ಮದುವೆಯಾಗಿ ದಾವಣಗೆರೆಯಿಂದ ಬಂದವರು, ಅಲ್ಲಿನ ಮಾತನ್ನು ಇನ್ನೂ ಬಿಟ್ಟಿಲ್ಲ. ಸಂಜೆ ಲಿಂಗಪೂಜೆ ಮುಗಿಸಿ ಧಾರಾವಾಹಿ ನೋಡುವುದು ಅವರ ರೂಢಿ. ಆದರೆ ಒಂದೇ ಮುಖವನ್ನು ಮೂರು ದಿಕ್ಕಿನಿಂದ ಮೂರು ವಾರ ತೋರಿಸಿದ್ದಕ್ಕೆ ಬೇಸತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಚಿನ್ಮಯಿ, ಬೇರೆಯವರು ಮರ ಹೇಗೆ ಬರೆದಿದ್ದಾರೆ ನೋಡಬೇಕೆಂದು ಒಂದು ಗೇಮನ್ನು ನಡುಮನೆಯ ಟಿವಿಗೆ ಜೋಡಿಸಿದಳು. ಬೆಟ್ಟದ ಮೇಲೊಂದು ಗುಡಿಸಲು, ಒಬ್ಬ ಮುದುಕಿ, ಅವಳ ಮೊಮ್ಮಗಳು, ಒಂದು ಕಂದು ಹಸು. ಅತ್ತೆ ಬಂದು ಕೂತವರು ಏಳಲಿಲ್ಲ. ಎರಡನೇ ದಿನಕ್ಕೆ ಹಸುವಿಗೆ ಗೌರಿ ಎಂದು ಹೆಸರೂ ಇಟ್ಟರು.

‘ಆಕಳಿಗೆ ನೀರಿಟ್ಟೆಯೇನೇ?’

‘ಅಜ್ಜಿ, ಅದು ನೀರು ಕುಡಿಯೋ ಥರ ಮಾಡಿಲ್ಲ.’

‘ಇಟ್ಟರೆ ತಾನೆ ಕುಡಿಯೋದು?’

ನನಗೂ ಒಮ್ಮೆ ವಿವರಿಸಿದರು. ‘ಸಿನಿಮಾದಾಗೆ ಅವರು ಹೋದ ಕಡೆ ನಾವು ಹೋಗಬೇಕವ್ವ. ಇಲ್ಲಿ ನಾವು ಹೇಳಿದ ಕಡೆ ಅವರು ಹೋಗ್ತಾರೆ. ಹಂಗಾಗಿ ಜವಾಬ್ದಾರಿ ಜಾಸ್ತಿ.’ ದೃಶ್ಯಮಾಧ್ಯಮದ ಬಗ್ಗೆ ನಾನು ಕೇಳಿದ ಎಷ್ಟೋ ವಿಚಾರಸಂಕಿರಣಗಳಲ್ಲಿ ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ನಾನೇನೋ ಇಂಥದ್ದಕ್ಕೆಲ್ಲ ಮರುಳಾಗುವವಳಲ್ಲ ಎಂಬಂತೆ ಪುಸ್ತಕ ಹಿಡಿದು ಪಕ್ಕದಲ್ಲೇ ಕೂತಿರುತ್ತಿದ್ದೆ. ಎಂಟು ದಿನ ಒಂದೇ ಪುಟ ಓದಿದೆ.

ಆ ದಿನ ಆಡುತ್ತಿದ್ದ ಚಿನ್ಮಯಿಗೆ ಆಫೀಸಿನಿಂದ ಫೋನ್ ಬಂತು. ‘ಅಮ್ಮ, ಇದನ್ನ ಸುಮ್ನೆ ಹಿಡ್ಕೋ, ಏನೂ ಒತ್ತಬೇಡ’ ಎಂದು ಕಂಟ್ರೋಲರನ್ನು ನನ್ನ ಕೈಗಿಟ್ಟು ಬಾಲ್ಕನಿಗೆ ಹೋದಳು. ಪರದೆಯ ಮೇಲೆ ಮಳೆ. ಗುಡಿಸಲ ಒಳಗೆ ಮುದುಕಿ ಗಂಜಿ ಕಾಯಿಸುತ್ತಿದ್ದಳು. ಯಾರೋ ಬಾಗಿಲು ತಟ್ಟಿದರು. ಉದ್ದ ನಿಲುವಂಗಿ, ಹೆಗಲಿಗೊಂದು ಜೋಳಿಗೆ. ಕೆಳಗೆ ಎರಡು ಆಯ್ಕೆ ಮೂಡಿದವು: ಬಾಗಿಲು ತೆರೆಯುವುದು, ಸುಮ್ಮನಿರುವುದು. ಅವುಗಳ ಮೇಲೊಂದು ಗೆರೆ ಬೇರೆ, ಸಮಯ ಕಳೆದ ಹಾಗೆ ಚಿಕ್ಕದಾಗುತ್ತಿತ್ತು. ಎಷ್ಟೋ ಪರೀಕ್ಷೆಗಳ ಮೇಲ್ವಿಚಾರಣೆ ಮಾಡಿದ ನಾನೇ, ‘ಇನ್ನೆಷ್ಟು ನಿಮಿಷ?’ ಎಂದುಬಿಟ್ಟೆ.

ಅತ್ತೆಯ ತವರಿನಲ್ಲಿ ಊಟದ ಹೊತ್ತಿಗೆ ಜೋಳಿಗೆ ಹಿಡಿದು ಬಂದ ಜಂಗಮರನ್ನು ಯಾರು, ಯಾವ ಊರು ಎಂದು ಕೇಳುವ ಪದ್ಧತಿಯೇ ಇರಲಿಲ್ಲವಂತೆ. ಮೊದಲು ಕಾಲಿಗೆ ನೀರು, ಆಮೇಲೆ ಎಲೆ. ಮಾತೇನಿದ್ದರೂ ಊಟವಾದ ಮೇಲೆ. ‘ಉಣ್ಣೋ ಹೊತ್ತಿಗೆ ಬಂದಾರೆ, ನಿಲ್ಲಿಸಬೇಡವ್ವ, ಒಳಗೆ ಕರಿ’ ಎಂದರು. ನಾನು ಒತ್ತಿದೆ.

ಆತ ಒಳಗೆ ಬಂದ. ಎರಡು ಬಟ್ಟಲು ಗಂಜಿ ಕುಡಿದ. ಅತ್ತೆ ನೆಮ್ಮದಿಯಿಂದ, ‘ಇನ್ನೊಂದು ಬಟ್ಟಲು ಹಾಕು ಅಂತ ಹೇಳು’ ಎಂದರು. ಗೇಮಿನಲ್ಲಿ ಬೆಳಗಾದಾಗ ಕೊಟ್ಟಿಗೆ ಖಾಲಿ, ಆತನೂ ಇಲ್ಲ. ಹಾಲಿಲ್ಲದೆ ಚಳಿಗಾಲ ಕಳೆಯಲಾಗದೆಂದು ಮುದುಕಿ ಮೊಮ್ಮಗಳಿಗೆ ಬಟ್ಟೆಗಂಟು ಕಟ್ಟಿಕೊಟ್ಟು, ಬೆಟ್ಟದ ಕೆಳಗೆ ಯಾರದೋ ಮನೆಯ ಕೆಲಸಕ್ಕೆ ಕಳಿಸಿದಳು.

ಚಿನ್ಮಯಿ ವಾಪಸು ಬಂದು, ‘ಯಾರು ಒತ್ತಿದ್ದು?’ ಎಂದಾಗ ಅತ್ತೆ ಸೊಸೆ ಇಬ್ಬರೂ ಫ್ಯಾನ್ ನೋಡಿದೆವು.

‘ಅವನ ಕಾಲಲ್ಲಿ ಕೆಸರೇ ಇರಲಿಲ್ಲ, ನೋಡ್ಲಿಲ್ವಾ? ಅಂಥ ಮಳೇಲಿ ಬೆಟ್ಟ ಹತ್ತಿ ಬಂದೆ ಅಂತಾನೆ, ಕಾಲು ಹೊಳೀತಿದೆ. ಅದೇ ಕ್ಲೂ. ಸಾಕ್ಷ್ಯ, ಆಧಾರ ಅಂತ ಊರಿಗೆಲ್ಲ ಪಾಠ ಹೇಳ್ತೀಯ ಬೇರೆ.’

ಅತ್ತೆಗೆ ಇದ್ಯಾವುದೂ ಕೇಳಿಸಲಿಲ್ಲ. ‘ಆ ಕೂಸು ಎಲ್ಲಿಗೆ ಹೋತು?’ ಎಂದು ಎರಡು ಸಲ ಕೇಳಿ, ಎದ್ದು ಕೋಣೆಗೆ ಹೋದರು. ಊಟಕ್ಕೆ ಬರಲಿಲ್ಲ. ಮಾರನೆಯ ದಿನವೂ ಅರ್ಧ ರೊಟ್ಟಿಗೆ ಕೈ ತೊಳೆದರು. ‘ನನ್ನ ಬಾಯಿಂದಲೇ ಹೋತು ನೋಡು’ ಎಂದು ಒಬ್ಬರೇ ಹೇಳಿಕೊಳ್ಳುತ್ತಿದ್ದರು.

‘ಅತ್ತೆ, ಅದು ಆಟ ಅಷ್ಟೇ’ ಎಂದೆ.

‘ಆಟ ಆದ್ರೆ ನೀನ್ಯಾಕವ್ವ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಿ?’

ಅಜ್ಜಿಯ ಈ ಸೊರಗಿದ ಮುಖ ನೋಡಲಾರದೆ ಚಿನ್ಮಯಿ ಹಳೆಯ ಒಂದು ಹಂತದಿಂದ ಆಟವನ್ನು ಮತ್ತೆ ಶುರುಮಾಡಿದಳು. ಭಾನುವಾರವಿಡೀ ಆಡಿ ಅದೇ ಮಳೆ, ಅದೇ ಗಂಜಿ, ಅದೇ ಬಾಗಿಲಿಗೆ ಬಂದು ಆಟ ನಿಲ್ಲಿಸಿದಳು. ‘ಬಾ ಅಜ್ಜಿ. ಈ ಸಲ ತೆಗೀಬೇಡ ಅಂತ ನೀನೇ ಹೇಳು. ಗೌರಿ ಉಳಿಯುತ್ತೆ, ಆ ಹುಡುಗೀನೂ ಮನೇಲೇ ಇರ್ತಾಳೆ.’

ಅತ್ತೆ ಬಂದರು. ಕನ್ನಡಕ ಒರೆಸಿ ಹಾಕಿಕೊಂಡು ಆ ಮನುಷ್ಯನನ್ನು ಬಹಳ ಹೊತ್ತು ನೋಡಿದರು.

‘ಕಳ್ಳ ಅಂತ ಗೊತ್ತಾತು. ಹಸಿದಾನೋ ಇಲ್ಲೋ, ಅದು ಗೊತ್ತಾಗಲಿಲ್ಲ.’

‘ಅಜ್ಜಿ...’

‘ಹೊರಗೇ ಕೂರಿಸಿ ಬಡಿಸಕ್ಕೆ ಆಗಲ್ಲೇನೇ?’

‘ಆ ಆಪ್ಷನ್ ಇಲ್ಲ ಅಜ್ಜಿ. ಎರಡೇ ಇರೋದು.’

‘ಹಂಗಾದ್ರೆ ಇದನ್ನ ಮಾಡಿದವರ ಮನೆಗೆ ಯಾರೂ ಬಂದೇ ಇಲ್ಲ ಅಂತ ಕಾಣ್ತದೆ’ ಎಂದು ಮತ್ತೆ ಕೋಣೆಗೆ ನಡೆದರು.

ಇವತ್ತಿಗೆ ನಾಲ್ಕನೇ ದಿನ. ಗೇಮ್ ಆಫ್ ಮಾಡಿದರೆ ಮತ್ತೆ ಹಿಂದಿನಿಂದ ಆಡಬೇಕಂತೆ, ಹಾಗಾಗಿ ಟಿವಿ ಹಾಗೇ ಇದೆ. ನಮ್ಮ ನಡುಮನೆಯಲ್ಲಿ ಆತ ಮಳೆಯಲ್ಲಿ ಕೈಯೆತ್ತಿ ನಿಂತೇ ಇದ್ದಾನೆ. ಕಾಫಿ ಕುಡಿಯುವಾಗ ಅವನ ಕಡೆ ಬೆನ್ನು ಮಾಡಿ ಕೂರುತ್ತೇನೆ. ಇದಕ್ಕೊಂದು ಕಾರಣವಿದೆ, ದಿನಚರಿಯಲ್ಲಿ ಬರೆದಿಲ್ಲ. ಹೋದ ತಿಂಗಳು ಮಧ್ಯಾಹ್ನ ಒಬ್ಬ ಹೆಂಗಸು, ಕೈಯಲ್ಲಿ ಚೀಲ, ನಮ್ಮ ಮನೆಯ ಬೆಲ್ ಒತ್ತಿದ್ದಳು. ನಾನು ಬಾಗಿಲ ಕಿಂಡಿಯಿಂದ ನೋಡಿ, ಉಸಿರು ಬಿಗಿಹಿಡಿದು, ಅವಳು ಇಳಿದುಹೋಗುವವರೆಗೂ ಒಳಗೇ ಗೊಂಬೆಯಂತೆ ನಿಂತಿದ್ದೆ. ಅವಳ ಕಾಲಲ್ಲಿ ಕೆಸರಿತ್ತೋ ಇಲ್ಲವೋ, ಕಿಂಡಿಯಲ್ಲಿ ಅಷ್ಟು ಕೆಳಗೆ ಕಾಣುವುದಿಲ್ಲ. ಅತ್ತೆ ಮಲಗಿದ್ದರು ಎಂದು ಆಗ ಅಂದುಕೊಂಡಿದ್ದೆ. ಈಗ ಅದೂ ಅನುಮಾನ.

ಇವತ್ತು ಬೆಳಿಗ್ಗೆ ಕಂಟ್ರೋಲರ್ ಹಿಡಿದುಕೊಂಡು ಅವರ ಕೋಣೆಯ ಹೊಸ್ತಿಲಲ್ಲಿ ನಿಂತೆ. ಹೂಬತ್ತಿ ಹೊಸೆಯುತ್ತಿದ್ದರು.

‘ಅತ್ತೆ, ಬಾಗಿಲು ತೆಗೀಲಾ, ಬೇಡ್ವಾ?’ ಎಂದು ಕೇಳಿದೆ.

ತಲೆಯೆತ್ತಿ, ‘ಬೆಲ್ ಆದಾಗೆಲ್ಲ ನನ್ನ ಕೇಳ್ತೀಯೇನವ್ವ?’ ಎಂದರು. ಆಮೇಲೆ ಇನ್ನೊಂದು ಎಳೆ ಹತ್ತಿ ತೆಗೆದುಕೊಂಡರು.